ಹಾಲೇಶಪ್ಪನ ಜೋರು ಮೈಕು

ಬಸವಾಪಟ್ಟಣದ ಕಡೆ ಯಾರ ಮನೆಯಲ್ಲಿ ಲಗ್ನ ಗೊತ್ತಾದರೂ ಅಡುಗೆಯವರಿಗೆ ಹೇಳುವ ಮೊದಲೇ ಹಾಲೇಶಪ್ಪನಿಗೆ ಹೇಳುತ್ತಿದ್ದರು. ಅವನ ಮೈಕ್ ಸೆಟ್ಟಿಗಿಂತ ಅವನ ಗಂಟಲಿಗೆ ಬೇಡಿಕೆ ಹೆಚ್ಚು. "ಬೀಗರು ದಯಮಾಡಿ ಎರಡನೇ ಪಂಕ್ತಿಗೆ ಬರಬೇಕು" ಎಂದು ಅವನು ಕರೆದರೆ ಹಸಿವಿಲ್ಲದವನೂ ಎದ್ದು ಕೈ ತೊಳೆಯಬೇಕು, ಹಾಗಿರುತ್ತಿತ್ತು ಕರೆಯುವ ರೀತಿ. ಬಸ್ ಸ್ಟ್ಯಾಂಡಿನ ಹಿಂದೆ ಅವನ ಅಂಗಡಿ. ಒಳಗೆ ಕಾಲಿಟ್ಟರೆ ಒಂದು ಕಡೆ ಆಳೆತ್ತರದ ಸ್ಪೀಕರ್ ಬಾಕ್ಸುಗಳು, ಇನ್ನೊಂದು ಕಡೆ ಸುತ್ತಿಟ್ಟ ವೈರು, ಮೂಲೆಯಲ್ಲಿ ಬಣ್ಣ ಹೋದ ಹಳೇ ಹಾರ್ನುಗಳು. ಬೇವಿನ ಮರ ಹತ್ತಿ ಹಾರ್ನ್ ಕಟ್ಟಿ, ಬ್ಯಾಟರಿ ಹೆಗಲ ಮೇಲೆ ಹೊತ್ತು ತಿರುಗಿದ ಕಾಲದಿಂದ ಈ ಕಸುಬಿನಲ್ಲಿದ್ದವನು ಅವನು.

ಆಮೇಲೆ ಕಾರ್ಡ್‌ಲೆಸ್ ಮೈಕು ಬಂತು. ವೈರಿಲ್ಲ, ಎಡವಿ ಬೀಳುವವರಿಲ್ಲ, ಸ್ವಾಮಿಗಳು ಮೈಕ್ ಹಿಡಿದು ಮಂಟಪದ ತುಂಬ ಓಡಾಡಬಹುದು. ಇಂಥ ಮೈಕಿನ ದನಿ ಗಾಳಿಯಲ್ಲಿ ಒಂದು ನಂಬರಿನ ದಾರಿ ಹಿಡಿದು ಹೋಗಿ ಆಂಪ್ಲಿಫೈಯರ್ ಪಕ್ಕದ ಪುಟ್ಟ ಪೆಟ್ಟಿಗೆಯನ್ನು ಸೇರುತ್ತದೆ. ಸಣ್ಣ ಶಕ್ತಿಯ ಮೈಕಾದರೆ ಆ ದಾರಿಗೆ ಲೈಸೆನ್ಸ್ ಬೇಡ, ಬಾಡಿಗೆ ಬೇಡ. ಯಾರು ಬೇಕಾದರೂ ಹೋಗಬಹುದು. ಅದರ ಸುಖವೂ ಅದೇ, ತಾಪತ್ರಯವೂ ಅದೇ. ಇಬ್ಬರು ಒಂದೇ ನಂಬರಿಗೆ ಬಿದ್ದರೆ ಎರಡು ದನಿ ಬೆರೆತು ಕೇಳುವುದಿಲ್ಲ. ಜೋರಾಗಿರುವುದು ಮಾತ್ರ ಕೇಳುತ್ತದೆ. ಸಣ್ಣದು ಇತ್ತೆಂಬುದೇ ಯಾರಿಗೂ ತಿಳಿಯುವುದಿಲ್ಲ.

ಹಾಲೇಶಪ್ಪನಿಗೆ ಇದು ಅನುಭವಕ್ಕೆ ಬಂದದ್ದು ಒಂದು ಕಾರ್ತಿಕದ ಲಗ್ನದಲ್ಲಿ. ಶಾಲೆ ರಸ್ತೆಯ ಕಲ್ಯಾಣ ಮಂಟಪದಲ್ಲಿ ಲಿಂಗಾಯತರ ಮದುವೆ. ಹಿಂದಿನ ಬೀದಿಯ ಸಮುದಾಯ ಭವನದಲ್ಲಿ ಬೇರೆಯವರ ಬೀಗರ ಊಟ, ಅಲ್ಲಿ ಸಾಸ್ವೆಹಳ್ಳಿಯ ಓಂಕಾರ್ ಎಂಬ ಹುಡುಗನ ಮೈಕ್ ಸೆಟ್. ಇಲ್ಲಿ ಅಯ್ಯನೋರು ಮಂತ್ರ ಮುಗಿಸಿ ಅಕ್ಷತೆಗೆ ಕೈ ಎತ್ತಿದ್ದಾರೆ, ಗಂಡು ತಾಳಿ ಹಿಡಿದಿದ್ದಾನೆ, ಮಂಟಪವೆಲ್ಲ ಮೌನ. ಆಗ ಹಾಲೇಶಪ್ಪನ ಬಾಕ್ಸಿನಿಂದ ಓಂಕಾರನ ದನಿ ಮೊಳಗಿತು. "ಏಯ್, ಮಟನ್ ಸಾರು ಈ ಸಾಲಿಗೆ ಬಂದಿಲ್ಲ, ಬೇಗ ತಗಂಬರ್ರಿ!"

ಹುಡುಗರು ಬಿದ್ದು ಬಿದ್ದು ನಕ್ಕರು. ಗಂಡಿನ ತಂದೆ ನಗಲಿಲ್ಲ. ಊಟ ಮುಗಿಯುವವರೆಗೂ ಹಾಲೇಶಪ್ಪನ ಮುಖ ನೋಡಲಿಲ್ಲ. ಮಾರನೇ ದಿನ ಟೀ ಅಂಗಡಿಯಲ್ಲಿ ಯಾರೋ "ಏನ್ರೀ ಮಟನ್ ಹಾಲೇಶಪ್ಪ" ಎಂದರು. ಆ ಹೆಸರು ಬೆಲ್ಲಕ್ಕೆ ಅಂಟಿದ ಇರುವೆಯ ಹಾಗೆ ಅಂಟಿಕೊಂಡಿತು.

ಓಂಕಾರ್ ತಾನಾಗಿಯೇ ಅಂಗಡಿಗೆ ಬಂದ. ಮೀಸೆ ಈಗಷ್ಟೇ ಚಿಗುರಿದ ಹುಡುಗ, ನಿಂತಲ್ಲೇ ನಿಂತು ಮಾತಾಡಿದ.

"ಹಾಲೇಶಣ್ಣ, ನೀವು ಯಾವ ನಂಬರಿನಾಗ ಇರ್ತೀರಿ ಅಂತ ಹೇಳ್ರಿ. ನಾನು ಅದನ್ನ ಬಿಟ್ಟು ಬೇರೆದಕ್ಕೆ ಹೋಗ್ತೀನಿ. ನನ್ನ ಸೆಟ್ಟಿನಾಗ ಇರೋದೇ ನಾಕು ನಂಬರು. ಹಂಚ್ಕೊಂಡು ಹೋದ್ರೆ ಇಬ್ಬರಿಗೂ ತೊಂದ್ರೆ ಇಲ್ಲ."

"ಗಾಳಿಗೆ ಬೇಲಿ ಹಾಕಾಕೆ ಬಂದೀಯೇನೋ?" ಎಂದ ಹಾಲೇಶಪ್ಪ. "ನಿನ್ನ ಹಾದಿ ನಿಂಗೆ, ನನ್ನ ಹಾದಿ ನಂಗೆ. ಹೋಗು."

ಅವನು ದಾವಣಗೆರೆಗೆ ಹೋಗಿ ಹೊಸ ಸೆಟ್ ತಂದ. ಅಂಗಡಿಯವನು ಪೆಟ್ಟಿಗೆ ತಟ್ಟಿ, "ಇದರ ಪವರು ಸ್ವಲ್ಪ ಜಾಸ್ತಿನೇ ಐತೆ ಯಜಮಾನ್ರೇ. ಲೈಸೆನ್ಸ್ ಇಲ್ಲದೆ ಇಷ್ಟೆಲ್ಲ ಹಾಕಂಗಿಲ್ಲ ಅಂತಾರೆ. ಆದ್ರೆ ನಮ್ಮ ಕಡೆ ಯಾರು ಬಂದು ಅಳೀತಾರೆ ಬಿಡ್ರಿ" ಎಂದು ನಕ್ಕಿದ್ದ. ಹಾಲೇಶಪ್ಪನೂ ನಕ್ಕಿದ್ದ. ಆ ನಗು ಅವನಿಗೆ ಮುಂದೆ ಎಷ್ಟೋ ಸಲ ನೆನಪಾಯಿತು.

ಹೊಸ ಸೆಟ್ ಬಂದ ಮೇಲೆ ಓಂಕಾರನ ದನಿ ಅವನ ಬಾಕ್ಸಿಗೆ ನುಗ್ಗುವುದು ನಿಂತಿತು. ಅಷ್ಟಕ್ಕೆ ಸುಮ್ಮನಾಗಬಹುದಿತ್ತು. ಆಗಲಿಲ್ಲ. ಒಂದೇ ದಿನ ಎರಡು ಕಡೆ ಲಗ್ನವಿದ್ದರೆ ಹಾಲೇಶಪ್ಪ ಬೆಳಿಗ್ಗೆಯೇ ತನ್ನ ಪೆಟ್ಟಿಗೆಯ ನಂಬರು ತಿರುಗಿಸುತ್ತ ಓಂಕಾರ್ ಎಲ್ಲಿದ್ದಾನೆಂದು ಹುಡುಕುತ್ತಿದ್ದ. ಹುಡುಗ ಒಂದು ನಂಬರಿಗೆ ಹೋದರೆ ಇವನೂ ಅಲ್ಲಿಗೆ ಹೋಗುವುದು, ಪಾಪ ಅವನು ಇನ್ನೊಂದಕ್ಕೆ ಜಾರಿದರೆ ಇವನೂ ಜಾರುವುದು. ಮಾತಾಡದೆ ಮೈಕ್ ಹಚ್ಚಿಟ್ಟರೆ ಸಾಕು, ಓಂಕಾರನ ಬಾಕ್ಸು ಮೂಕಾಗುತ್ತಿತ್ತು, ಯಾರ ಕೆಲಸವೆಂದು ಅವನಿಗೆ ತಿಳಿಯುತ್ತಿರಲಿಲ್ಲ. ಮಾಘಮಾಸದ ಲಗ್ನಗಳ ಹೊತ್ತಿಗೆ ಓಂಕಾರ್ ತನ್ನ ನಾಲ್ಕರಲ್ಲಿ ಕೊನೆಯದಕ್ಕೆ ಓಡಿದ. ಹಾಲೇಶಪ್ಪ ಅಲ್ಲಿಗೂ ಹೋದ. ಹೋಗಿ ನೋಡಿದರೆ ಆ ನಂಬರು ಬಲು ಚೊಕ್ಕಟ, ಕರಕರ ಇಲ್ಲ, ಗೊರಗೊರ ಇಲ್ಲ. ಓಂಕಾರ್ ಸೋತು ವೈರಿನ ಮೈಕಿಗೆ ಮರಳಿದ ಮೇಲೂ ಹಾಲೇಶಪ್ಪ ಅಲ್ಲೇ ಉಳಿದುಕೊಂಡ.

ಒಂದು ಬೆಳಿಗ್ಗೆ ಶಾಲೆ ರಸ್ತೆಯ ಮಂಟಪದಲ್ಲಿ ಸೆಟ್ ಜೋಡಿಸುತ್ತಿದ್ದಾಗ, ಅವನ ಮೈಕ್ ಇನ್ನೂ ಆಫ್ ಇರುವಾಗಲೇ, ಬಾಕ್ಸಿನಿಂದ ಒಂದು ಹೆಣ್ಣುದನಿ ಬಂತು. "ಎಲ್ಲರೂ ಹಿಂದಿನ ಪುಟ ತೆಗೀರಿ. ಚೌಡೇಶ್ವರಿ, ನಿಂಗೂ ಹೇಳಿದ್ದು." ಯಾವುದೋ ಶಾಲೆ ಟೀಚರ್ ಎಂದು ಗೊತ್ತಾಯಿತು. ಹಾಲೇಶಪ್ಪ ತನ್ನ ಮೈಕಿನ ಗುಂಡಿ ಒತ್ತಿದ. ಆ ದನಿ ನೀರಿಗೆ ಬಿದ್ದ ಉಪ್ಪಿನ ಹಾಗೆ ಮಾಯವಾಯಿತು. ಸೆಟ್ ಅಂದ್ರೆ ಇದು, ಎಂದುಕೊಂಡು ಅವನು ಮೀಸೆ ಸವರಿಕೊಂಡ.

ಅದಾದ ಸ್ವಲ್ಪ ದಿನಕ್ಕೆ ಸರ್ಕಾರಿ ಶಾಲೆಯ ಹೇಮಾವತಿ ಟೀಚರ್ ಅವನ ಅಂಗಡಿಗೆ ಬಂದರು. ಕೈಯಲ್ಲಿ ಒಂದು ಪುಟ್ಟ ಚೀಲ. ಅದರಿಂದ ಬೆಂಕಿಪೊಟ್ಟಣದಂಥ ಎರಡು ಪೆಟ್ಟಿಗೆ ತೆಗೆದು ಮೇಜಿನ ಮೇಲಿಟ್ಟರು.

"ಹಾಲೇಶಪ್ಪನವರೇ, ನಮ್ಮ ಆರನೇ ಕ್ಲಾಸಿನಲ್ಲಿ ಒಂದು ಹುಡುಗಿ ಇದಾಳೆ, ಚೌಡೇಶ್ವರಿ ಅಂತ. ಕಿವಿ ಸರಿಯಾಗಿ ಕೇಳಲ್ಲ. ಒಂದು ಸೇವಾ ಸಂಸ್ಥೆಯವರು ಇದನ್ನ ಕೊಟ್ಟಿದ್ರು. ಈ ಮೈಕ್ ನನ್ನ ಕೊರಳಿಗೆ, ಈ ಪೆಟ್ಟಿಗೆ ಅವಳ ಕಿವಿ ಮಿಷನ್ನಿಗೆ. ನಾನು ಎಲ್ಲಿ ನಿಂತು ಮಾತಾಡಿದ್ರೂ ಅವಳಿಗೆ ಪಕ್ಕದಲ್ಲೇ ಮಾತಾಡಿದ ಹಾಗೆ ಕೇಳುತ್ತೆ. ಹೋದ ವರ್ಷವೆಲ್ಲ ಎಷ್ಟು ಚೆನ್ನಾಗಿ ಓದ್ತಿದ್ಲು ಗೊತ್ತಾ! ಈಗ ಕೆಲವು ದಿನ ಏನೋ ಆಗ್ತದೆ. ನಾನು ಗಣಿತ ಹೇಳ್ತಿದ್ರೆ ಅವಳು ಎದ್ದು ನಿಂತು 'ಎರಡನೇ ಪಂಕ್ತಿ' ಅಂತಾಳೆ. ಮಕ್ಕಳೆಲ್ಲ ನಗ್ತಾರೆ. 'ಪಂಕ್ತಿ' ಅಂತಲೇ ಹೆಸರಿಟ್ಟಿದಾರೆ. ನಾನೂ ಒಂದು ದಿನ ಗದರಿಸಿಬಿಟ್ಟೆ. ನೀವು ಇಂಥ ಸಾಮಾನು ಬಲ್ಲೋರು, ಸ್ವಲ್ಪ ನೋಡ್ತೀರಾ?"

ಹಾಲೇಶಪ್ಪನಿಗೆ ಆ ಗಳಿಗೆಯಲ್ಲೇ ಎಲ್ಲ ತಿಳಿಯಿತು. ಎರಡನೇ ಪಂಕ್ತಿಗೆ ಕರೆಯುವುದು ಅವನ ಬಾಯಿ. ಆ ಮಗುವಿನ ಕಿವಿಯಲ್ಲಿ ಟೀಚರ್ ದನಿ ಅಳಿಸಿ ಕೂತದ್ದು ತನ್ನದೇ ದನಿ. ಪೆಟ್ಟಿಗೆಯನ್ನು ಕೈಗೆತ್ತಿಕೊಂಡು ಹಿಂದೆ ಮುಂದೆ ತಿರುಗಿಸಿದ. ಹೇಳಿಬಿಡಬೇಕು ಎನ್ನಿಸಿತು. ಆದರೆ ಹೇಳಿದರೆ ಆ ಸೆಟ್ಟಿನ ಪವರಿನ ಮಾತು ಬರುತ್ತದೆ, ಓಂಕಾರನ ಹಿಂದೆ ಬಿದ್ದ ಮಾತು ಬರುತ್ತದೆ. ಟೀಚರ್ ಮೇಲಿನವರಿಗೆ ದೂರು ಬರೆದು ಹಾಕಿದರೆ? ಲಗ್ನದ ಕಾಲ ಇನ್ನೂ ಮುಗಿದಿಲ್ಲ.

"ಮಿಷನ್ನಿನಾಗೇ ದೋಷ ಐತೆ ಮೇಡಂ" ಎಂದ. "ಒಳಗೆ ಏನೋ ಲೂಸಾಗೈತೆ. ಕೊಟ್ಟೋರಿಗೇ ವಾಪಸ್ ಕಳಿಸ್ರಿ, ರಿಪೇರಿ ಮಾಡಿ ಕೊಡ್ತಾರೆ."

ಟೀಚರ್ ಕೈ ಮುಗಿದು ಹೋದರು. ಆ ಕೈ ಮುಗಿದದ್ದು ಅವನನ್ನು ಚುಚ್ಚಿತು. ನಂಬರು ಬದಲಾಯಿಸಿದರಾಯಿತು ಎಂದು ಸಮಾಧಾನ ಮಾಡಿಕೊಂಡ. ಮುಂದಿನ ಲಗ್ನಕ್ಕೆ ಬದಲಾಯಿಸಿಯೂ ನೋಡಿದ. ಹೊಸ ನಂಬರಿನಲ್ಲಿ ನಡುನಡುವೆ ಕರಕರ ಬಂತು, ಹೆಣ್ಣಿನ ಕಡೆಯವರು ಮುಖ ಸಿಂಡರಿಸಿದರು. ಹೇಗೂ ಮಿಷನ್ ರಿಪೇರಿಗೆ ಹೋಗಿದೆಯಲ್ಲ ಎಂದು ಮತ್ತೆ ಹಳೇ ನಂಬರಿಗೇ ಬಂದ. ಮಿಷನ್ ಯಾವಾಗ ಮರಳಿ ಬಂತು ಎಂಬುದನ್ನು ಅವನು ವಿಚಾರಿಸಲಿಲ್ಲ.

ಅವನ ಹೆಂಡತಿ ಪ್ರೇಮಮ್ಮ ಅದೇ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಬೇಸಿಗೆ ರಜೆ ಕಳೆದು ಶಾಲೆ ಶುರುವಾದ ಮೇಲೆ ಒಂದು ಸಂಜೆ ರೊಟ್ಟಿ ತಟ್ಟುತ್ತ ಅವಳೇ ಮಾತು ತೆಗೆದಳು.

"ರೀ, ಮೀನು ಮಾರೋ ಬಂಗಾರಮ್ಮ ಇದಾಳಲ್ಲ, ಅವಳ ಮಗಳು ಚೌಡೇಶ್ವರಿ. ಪಾಪ, ಆ ಹುಡುಗಿ ಈಗ ಊಟಕ್ಕೆ ಎಲ್ಲರ ಜೊತೆ ಕೂರಲ್ಲ. ಕೂತ್ರೆ ಸಾಕು, ಹುಡುಗ್ರು 'ಪಂಕ್ತಿ ಬಂತು, ಪಂಕ್ತಿ ಬಂತು' ಅಂತ ರೇಗಿಸ್ತಾವೆ. ತಟ್ಟೆ ತಗಂಡು ನನ್ನ ಅಡುಗೆಕೋಣೆ ಹಿಂದೆ ಬಂದು ತಿಂತಾಳೆ. ಮಿಷನ್ ರಿಪೇರಿಗೆ ಕಳಿಸಿದ್ರಂತೆ, ಏನೂ ದೋಷ ಇಲ್ಲ ಅಂತ ಹಂಗೇ ವಾಪಸ್ ಬಂತಂತೆ. ಹಾಕಿದ್ರೆ ಮತ್ತೆ ಅದೇ ಕಥೆ. ಹೇಮಾವತಿ ಟೀಚರ್ ಈಗ ಹುಡುಗಿನೇ ಸುಳ್ಳು ಹೇಳ್ತಾಳೇನೋ ಅಂತಾರೆ. ಅವಳು ಅದನ್ನ ಕಿತ್ತು ಟೀಚರ್ ಮೇಜಿನ ಮೇಲೆ ಇಟ್ಟು ಬಂದವಳು ಮತ್ತೆ ಮುಟ್ಟಿಲ್ಲ."

ಹಾಲೇಶಪ್ಪ ಬಾಯಿಗೆ ಇಟ್ಟ ತುತ್ತು ನುಂಗಲಾರದೆ ನೀರು ಕುಡಿದ.

"ಯಾಕ್ರೀ, ಖಾರ ಆತಾ?"

"ಹ್ಞೂಂ" ಎಂದ.

ಅಂದಿನಿಂದ ಅವನಿಗೆ ಮನೆಯ ಊಟ ಕಷ್ಟವಾಯಿತು. ಪ್ರೇಮಮ್ಮ ಶಾಲೆಯ ಸುದ್ದಿ ಎತ್ತಿದರೆ ಎದ್ದು ಹೋಗುತ್ತಿದ್ದ. ಎತ್ತದಿದ್ದರೆ, ಇವಳಿಗೆ ಗೊತ್ತಾಗಿಬಿಟ್ಟಿತೇನೋ ಎಂದು ಮುಖ ನೋಡುತ್ತಿದ್ದ. ಆಷಾಢ ಬಂತು, ಲಗ್ನಗಳಿಲ್ಲ, ಅಂಗಡಿಯಲ್ಲಿ ಕೂತರೆ ಯೋಚನೆಯಲ್ಲದೆ ಬೇರೆ ಕೆಲಸವಿಲ್ಲ. ಜೋರು ಸೆಟ್ಟನ್ನು ಬಟ್ಟೆ ಸುತ್ತಿ ಅಟ್ಟಕ್ಕೆ ಹಾಕಿದ. ಆದರೆ ಶ್ರಾವಣ ಬಂದರೆ ಇನ್ನೊಬ್ಬ ಯಾರೋ ಅಂಥದೇ ಸೆಟ್ ತಂದು ಅದೇ ನಂಬರಿಗೆ ಬೀಳಬಹುದು. ತಾನೊಬ್ಬ ಬಿಟ್ಟರೆ ಸಾಲದು, ಎಲ್ಲರೂ ಕೂತು ಒಂದು ಮಾತಿಗೆ ಬರಬೇಕು ಎನ್ನಿಸಿತು. ಅಷ್ಟಾದರೆ ತನ್ನ ತಪ್ಪು ತಾನೇ ತೀರಿಹೋದೀತು ಎಂಬ ಆಸೆಯೂ ಅದರೊಳಗಿತ್ತು.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ನಾಲ್ಕೂ ತಾಲ್ಲೂಕಿನ ಮೈಕ್ ಸೆಟ್ಟಿನವರಿಗೆ ಫೋನ್ ಮಾಡಿದ. ಚನ್ನಗಿರಿಯಲ್ಲಿ ಒಂದು ಹೋಟೆಲಿನ ಮಹಡಿಯಲ್ಲಿ ಎಲ್ಲರೂ ಸೇರಿದರು. ಆಷಾಢದಲ್ಲಿ ಕೆಲಸವಿಲ್ಲದ ಕಾರಣ ಅಂದುಕೊಂಡದ್ದಕ್ಕಿಂತ ಹೆಚ್ಚೇ ಜನ ಬಂದಿದ್ದರು. ಓಂಕಾರನೂ ಬಂದು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತ.

ಮಂಡಕ್ಕಿ ಮೆಣಸಿನಕಾಯಿ ಬಂತು, ಮಾತು ಶುರುವಾಯಿತು. ಹಾಲೇಶಪ್ಪ ಎದ್ದು ನಿಂತು ಶಾಲೆಯ ಹುಡುಗಿಯ ವಿಷಯ ಹೇಳಿದ. ಅವಳ ಪೆಟ್ಟಿಗೆಯ ನಂಬರನ್ನೂ ಹೇಳಿ, ಅದೇ ನಂಬರಿಗೆ ಬಿದ್ದ ಯಾರದೋ ಒಂದು ಮೈಕಿನಿಂದ ಹೀಗಾಗಿದೆ ಎಂದ. ತನ್ನದು ಎನ್ನಲಿಲ್ಲ.

ನ್ಯಾಮತಿಯ ಗುರುಬಸವರಾಜ್ ದೊಡ್ಡ ದೊಡ್ಡ ಸಭೆಗಳಿಗೆ ಸೆಟ್ ಹಾಕುವ ಗಟ್ಟಿ ಕುಳ. "ಅಲ್ರೀ, ಲೈಸೆನ್ಸೇ ಬೇಡದ ದಾರಿ. ಯಾರಪ್ಪನ ಗಂಟು? ನಾನು ಕಾಸು ಹಾಕಿ ಒಳ್ಳೆ ಸೆಟ್ ತಂದೀನಿ, ನಾನ್ಯಾಕೆ ದನಿ ತಗ್ಗಿಸ್ಲಿ?" ಎಂದ.

"ಯಾರಪ್ಪನದೂ ಅಲ್ಲ ಅಂತಲೇ ಹೇಳಾದು" ಎಂದು ಜಗಳೂರಿನ ಜಂಪಣ್ಣ ಬಾಯಿ ಹಾಕಿದ. ಅಲ್ಲಿದ್ದವರಲ್ಲಿ ಅವನೇ ಹಿರಿಯ. "ಊರ ಮುಂದಲ ಬೋರ್‌ವೆಲ್ ಯಾರಪ್ಪಂದು? ಹಂಗಂತ ನಿನ್ನ ಕೊಡ ದೊಡ್ಡದು ಅಂತ ಇಡೀ ದಿನ ನೀನೇ ಹಿಡ್ಕಂಡು ಕೂರ್ತೀಯೇನು?"

ಹೊನ್ನಾಳಿಯವರು ತಾಲ್ಲೂಕಿಗೆ ಇಷ್ಟಿಷ್ಟು ನಂಬರು ಎಂದು ಪಾಲು ಮಾಡೋಣ ಎಂದರು. ಜಂಪಣ್ಣ ಒಪ್ಪಲಿಲ್ಲ. "ನಾನು ಯಾವಾಗಲೋ ಒಮ್ಮೆ ಹೊನ್ನಾಳಿಗೆ ಬಂದ್ರೆ ನನ್ನ ಪಾಲು ಗಂಟು ಕಟ್ಕಂಡು ಬರಬೇಕಾ? ನಾನು ಜಗಳೂರಿನಾಗ ಇರೋವಾಗ ನನ್ನ ನಂಬರು ಇಲ್ಲಿ ಸುಮ್ಮನೆ ಕೊಳೀಬೇಕಾ?" ಎಂದು ಕೇಳಿದ. ಎಲ್ಲರೂ ನಕ್ಕರು, ಆದರೆ ಮಾತು ನಿಜವಾಗಿತ್ತು.

ಬಾಗಿಲ ಹತ್ತಿರದಿಂದ ಓಂಕಾರ್ ಮೆಲ್ಲಗೆ ಹೇಳಿದ. "ನಂಬರು ಯಾರ ಹೆಸರಿಗೂ ಬೇಡ್ರಿ. ಒಂದು ಊರಿಗೆ ಹೋದ ಕೂಡ್ಲೇ ಮೈಕ್ ಹಾಕಬಾರದು. ಮೊದ್ಲು ಪೆಟ್ಟಿಗೆ ಮಾತ್ರ ಹಚ್ಚಿ ಸ್ವಲ್ಪ ಹೊತ್ತು ಕೇಳಬೇಕು. ಯಾರದಾದ್ರೂ ದನಿ ಇದ್ರೆ ಆ ನಂಬರು ಬಿಟ್ಟು ಬೇರೆದಕ್ಕೆ ಹೋಗಾದು. ಯಾರೂ ಇಲ್ಲ ಅಂದ್ರೆ ಮಾತಾಡಾದು. ಒಂದು ವಾಟ್ಸಾಪ್ ಗ್ರೂಪ್ ಮಾಡಿದ್ರೆ ನಾಳೆ ಯಾರು ಯಾವ ಊರಾಗ ಇರ್ತಾರೆ ಅನ್ನಾದೂ ಮೊದ್ಲೇ ತಿಳೀತದೆ."

ಆ ಮಾತು ಎಲ್ಲರಿಗೂ ಹಿಡಿಸಿತು. ಅದಕ್ಕೆ ಇನ್ನೆರಡು ಸೇರಿಸಿದರು. ಮಂಟಪಕ್ಕೆ ಎಷ್ಟು ಬೇಕೋ ಅಷ್ಟೇ ಪವರು, ಊರಾಚೆ ಕೇಳುವಂಥದ್ದು ಬೇಡ. ಒಬ್ಬನೇ ನಾಲ್ಕು ನಂಬರು ಹಿಡಿದು ಕೂರಬಾರದು. ಇನ್ನು ಶಾಲೆಯ ಹುಡುಗಿಯ ನಂಬರನ್ನು ಬಸವಾಪಟ್ಟಣದಲ್ಲಿ ಯಾರೂ ಮುಟ್ಟಬಾರದು. ಗುರುಬಸವರಾಜ್ ಗೊಣಗಿದರೂ ಕೊನೆಗೆ ಹ್ಞೂಂ ಎಂದ.

"ಅದಿರ್ಲಿ" ಎಂದ ಅವನು ಟೀ ಲೋಟ ಕೆಳಗಿಟ್ಟು. "ಆ ಹುಡುಗಿಗೆ ಹಿಂಗೆ ಮಾಡಿದ ಪುಣ್ಯಾತ್ಮ ಯಾರು? ಆ ನಂಬರಿನಾಗ ಬಸವಾಪಟ್ಟಣದಾಗ ಇದ್ದೋರು ಯಾರು?"

ಓಂಕಾರ್ ಎದ್ದು ನಿಂತ. "ಅದು ನನ್ನ ಕೊನೇ ನಂಬರು" ಎಂದ. "ನಂದೇ ಇರಬೇಕು. ನಂಗೆ ಗೊತ್ತಿರಲಿಲ್ಲ ಅಣ್ಣಾರೇ, ಆಣೆಗೂ ಗೊತ್ತಿರಲಿಲ್ಲ."

ಎಲ್ಲರೂ ಅವನತ್ತ ತಿರುಗಿದರು. ಒಬ್ಬರು "ಅಗ್ಗದ ಚೈನಾ ಸೆಟ್ ತಂದ್ರೆ ಹಿಂಗೇ" ಎಂದರು. ಇನ್ನೊಬ್ಬರು ತಲೆಯಾಡಿಸಿದರು. ಓಂಕಾರನ ಮೈಕು ಹಿಂದಿನ ಬೀದಿ ದಾಟಿ ಶಾಲೆಯವರೆಗೆ ಹೋಗುವಷ್ಟು ಗಟ್ಟಿಯಲ್ಲ ಎಂಬುದು ಆ ಕೋಣೆಯಲ್ಲಿ ಹಾಲೇಶಪ್ಪನಿಗೆ ಮಾತ್ರ ಗೊತ್ತಿತ್ತು. ಈಗ ಹೇಳು, ಈಗ ಹೇಳು ಎಂದು ತನಗೆ ತಾನೇ ಹೇಳಿಕೊಂಡ. ಅವನು ತಟ್ಟೆಯಲ್ಲಿ ಉಳಿದ ಮಂಡಕ್ಕಿಯನ್ನು ಬೆರಳಿನಿಂದ ಒಂದು ಕಡೆ ಸರಿಸುತ್ತ ಕೂತ. ಅಷ್ಟರಲ್ಲಿ ಜಂಪಣ್ಣ, "ಹುಡುಗ ಗೊತ್ತಿಲ್ದೆ ಮಾಡ್ಯಾನೆ, ಬಿಡ್ರಿ" ಎಂದು ಮಾತು ಮುಗಿಸಿಬಿಟ್ಟ.

ಬಸ್ಸಿನಲ್ಲಿ ವಾಪಸ್ ಬರುವಾಗ ಹಾಲೇಶಪ್ಪ ಸೀಟಿಗೆ ಬೆನ್ನು ಒರಗಿಸದೆ ಕೂತ. ಒಳ್ಳೆಯ ಕೆಲಸವೊಂದು ಆಗಿತ್ತು, ಅವನೇ ಮಾಡಿಸಿದ್ದು. ಎಲ್ಲರೂ ಅವನ ಬೆನ್ನು ತಟ್ಟಿದ್ದರು. ತಟ್ಟಿದ ಒಂದೊಂದು ಕೈಯೂ ಬೆನ್ನ ಮೇಲೆ ಉರಿಯುತ್ತಿತ್ತು.

ಮೂರು ನಾಲ್ಕು ದಿನ ತಡೆದು ಅವನು ಬಂಗಾರಮ್ಮನ ಮನೆಗೆ ಹೋದ. ಇನ್ನು ಆ ನಂಬರಿಗೆ ಯಾರೂ ಬರುವುದಿಲ್ಲ, ಮಗಳಿಗೆ ಮಿಷನ್ ಹಾಕಿಸು ಎಂದು ಹೇಳುವುದಕ್ಕೆ. ಊರ ಅಂಚಿನ ಮನೆ. ಗಂಡ ದುರುಗಪ್ಪ ಸೂಳೆಕೆರೆಯಲ್ಲಿ ಹಿಡಿದ ಮೀನನ್ನು ಅವಳು ಬುಟ್ಟಿಯಲ್ಲಿ ತಂದು ಸಂತೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಮಾರುತ್ತಿದ್ದಳು. ಅಂಗಳದಲ್ಲಿ ಬುಟ್ಟಿ ತೊಳೆಯುತ್ತಿದ್ದವಳು ಅವನನ್ನು ಕಂಡು ಸೆರಗು ಸರಿಮಾಡಿಕೊಂಡಳು.

"ಬರ್ರಿ ಹಾಲೇಶಣ್ಣ. ನೀವು ನಮ್ಮನೆ ಕಡೆ ಬಂದಿದ್ದೇ ಇಲ್ಲ. ಏನು ವಿಷಯ?"

ಅವನು ಬಂದ ಕಾರಣ ಹೇಳಿದ. ಬಂಗಾರಮ್ಮ ತಲೆಯಾಡಿಸಿದಳು.

"ಗೊತ್ತಾತು. ಸಾಸ್ವೆಹಳ್ಳಿ ಹುಡುಗ ಮೊನ್ನೆನೇ ಬಂದಿದ್ದ. ಅದೇನೋ ಓಂಕಾರ ಅಂತ. ಇಲ್ಲೇ ನಿಂತು ಕಣ್ಣಾಗ ನೀರು ಹಾಕ್ಯಂಡ. ನನ್ನ ಮೈಕಿನಿಂದ ನಿಮ್ಮ ಮಗಳಿಗೆ ಹಿಂಗಾತು ಅಂತ ನನ್ನ ಕಾಲು ಮುಟ್ಟಾಕೆ ಬಂದ. ನನ್ನ ಗಂಡ ಸಿಟ್ಟಿನ ಮನುಷ್ಯ, ಬಾಯಿಗೆ ಬಂದಂಗೆ ಬೈದ. ಆ ಹುಡುಗ ತಲೆ ಬಗ್ಗಿಸ್ಕಂಡು ಎಲ್ಲ ಕೇಳಿಸ್ಕಂಡು ಹೋದ."

ಹಾಲೇಶಪ್ಪ ಜಗಲಿಯ ಅಂಚಿಗೆ ಕೂತುಬಿಟ್ಟ.

"ಬಂಗಾರಮ್ಮ, ಅದು ಅವನ ಮೈಕಲ್ಲ. ನಂದು."

ಅವಳಿಗೆ ತಕ್ಷಣ ಅರ್ಥವಾಗಲಿಲ್ಲ. ಅವನು ಮೊದಲಿನಿಂದ ಹೇಳಿದ. ದಾವಣಗೆರೆಯಿಂದ ಸೆಟ್ ತಂದದ್ದು, ಹುಡುಗನ ಹಿಂದೆ ಬಿದ್ದದ್ದು, ಟೀಚರ್ ಬಂದಾಗ ಮಿಷನ್ನೇ ಸರಿಯಿಲ್ಲ ಎಂದದ್ದು, ಚನ್ನಗಿರಿಯಲ್ಲಿ ಬಾಯಿ ಮುಚ್ಚಿಕೊಂಡು ಕೂತದ್ದು. ಹೇಳುತ್ತ ಹೋದಂತೆ ಅವಳ ಕೈಯಲ್ಲಿದ್ದ ಬುಟ್ಟಿಯಿಂದ ನೀರು ಸೋರಿ ಅವಳ ಪಾದ ತೋಯಿಸುತ್ತಿತ್ತು. ಅವಳು ಬುಟ್ಟಿ ಕೆಳಗಿಡಲಿಲ್ಲ.

"ನಾನು ಅವಳನ್ನ ಹೊಡೆದೀನಿ" ಎಂದಳು ಬಂಗಾರಮ್ಮ ಕೊನೆಗೆ. "ಟೀಚರ್ ಹೇಳಿದ್ರು ಅಂತ, ಸುಳ್ಳು ಯಾಕೆ ಹೇಳ್ತೀಯ ಅಂತ, ಈ ಕೈಯಾಗ ಹೊಡೆದೀನಿ."

ಹಾಲೇಶಪ್ಪ ಬುಟ್ಟಿ ಇಳಿಸಿಕೊಳ್ಳಲು ಕೈ ಚಾಚಿದ. ಅವಳು ಕೊಡಲಿಲ್ಲ.

"ನಂಗ್ಯಾಕೆ ಹೇಳ್ತೀರಿ ಇದನ್ನ? ಒಳಗೆ ಕುಂತಾಳೆ. ಅವಳಿಗೆ ಹೇಳ್ರಿ."

ಚೌಡೇಶ್ವರಿ ಒಳಗೆ ನೆಲದ ಮೇಲೆ ಕೂತು ಬಲೆಯ ಹರಿದ ಕಣ್ಣುಗಳನ್ನು ಹೊಲಿಯುತ್ತಿದ್ದಳು. ಕಿವಿಯಲ್ಲಿ ಏನೂ ಇರಲಿಲ್ಲ. ತಾಯಿ ಹೆಗಲು ಮುಟ್ಟಿದಾಗ ತಲೆಯೆತ್ತಿ ಹಾಲೇಶಪ್ಪನನ್ನು ನೋಡಿದಳು. ಅವನು ಎದುರು ಕೂತು, ಜೀವಮಾನವೆಲ್ಲ ಊರಿಗೆ ಕೇಳುವ ಹಾಗೆ ಮಾತಾಡಿದವನು, ಅಭ್ಯಾಸದ ಮೇಲೆ ಗಂಟಲು ಎತ್ತರಿಸಿದ. ಹುಡುಗಿ ಅವನ ಬಾಯಿಯನ್ನೇ ದಿಟ್ಟಿಸಿ ನೋಡಿದಳು. ಆಮೇಲೆ ತನ್ನ ಮೂಗಿನ ಕೆಳಗೆ ಬೆರಳಿಟ್ಟು ತೋರಿಸಿದಳು.

"ಮೀಸೆ ಅಡ್ಡ ಬರ್ತದೆ ಅಂತಾಳೆ" ಎಂದಳು ಬಂಗಾರಮ್ಮ. "ತುಟಿ ಕಂಡ್ರೆ ಅವಳಿಗೆ ಮಾತು ತಿಳೀತದೆ. ಕೂಗಬ್ಯಾಡ್ರಿ."

ಹಾಲೇಶಪ್ಪ ಎರಡು ಬೆರಳಿನಿಂದ ಮೀಸೆಯನ್ನು ಮೇಲಕ್ಕೆ ಎತ್ತಿ ಹಿಡಿದ. ಹಾಗೇ ಹಿಡಿದುಕೊಂಡು, ದನಿಯಿಲ್ಲದೆ, ಒಂದೊಂದೇ ಮಾತನ್ನು ತುಟಿಯಲ್ಲಿ ಬಿಡಿಸಿ ಹೇಳಿದ. "ನೀನು ಸುಳ್ಳು ಹೇಳಲಿಲ್ಲ. ಅದು ನನ್ನ ದನಿ. ತಪ್ಪು ನಂದು." ಇಂಥ ಅವತಾರದಲ್ಲಿ ಯಾರಾದರೂ ನೋಡಿದ್ದರೆ ನಗುತ್ತಿದ್ದರು. ಹುಡುಗಿ ನಗಲಿಲ್ಲ. ತನ್ನ ಎಳೆದೆಳೆದು ಆಡುವ ಮಾತಿನಲ್ಲಿ ಕೇಳಿದಳು.

"ಆ ಮಗು ಸಿಕ್ತಾ?"

"ಯಾವ ಮಗು?"

"ಕೆಂಪಂಗಿ ಮಗು. ಕಳೆದೋಗೈತೆ, ಸಿಕ್ಕಿದೋರು ಕರ್ಕಂಬರ್ರಿ ಅಂದ್ರಿ."

ಅವನಿಗೆ ನೆನಪಾಯಿತು. ಮಾಘದ ಒಂದು ಲಗ್ನದಲ್ಲಿ ಕೆಂಪು ಅಂಗಿಯ ಪುಟ್ಟ ಮಗು ಕಾಣದೆ ಹೋಗಿ ಅವನು ಮೈಕಿನಲ್ಲಿ ಕೂಗಿದ್ದ. ಬಂಗಾರಮ್ಮ ನಿಟ್ಟುಸಿರು ಬಿಟ್ಟು ಹೇಳಿದಳು. "ಆವತ್ತು ಇವಳು ಪಾಠದ ನಡುವೆ ಎದ್ದು ಹೊರಗೆ ಓಡಿದ್ಲಂತೆ. ಮಗು ಹುಡುಕಾಕೆ ಹೋಗ್ತೀನಿ ಅಂದ್ಲಂತೆ. ಯಾವ ಮಗುನೂ ಇಲ್ಲ, ಏನೂ ಇಲ್ಲ, ಬರೀ ನಾಟಕ ಅಂತ ಬಾಗಿಲಾಗ ನಿಲ್ಲಿಸಿದ್ರು."

ಆ ಮಗು ಸ್ವಲ್ಪ ಹೊತ್ತಿನಲ್ಲೇ ಸಿಕ್ಕಿತ್ತು. ಸಿಕ್ಕಿತು ಎಂದು ಮೈಕಿನಲ್ಲಿ ಹೇಳುವುದನ್ನು ಹಾಲೇಶಪ್ಪ ಮರೆತಿದ್ದ. ಈ ಹುಡುಗಿ ಅದನ್ನು ಇಷ್ಟು ತಿಂಗಳು ಎದೆಯಲ್ಲಿ ಇಟ್ಟುಕೊಂಡು ತಿರುಗಿದ್ದಳು.

ಅವನು ಮತ್ತೆ ಮೀಸೆ ಎತ್ತಿ ಹಿಡಿದ. "ಸಿಕ್ತು ಕಣವ್ವ. ಅಡುಗೆ ಪಾತ್ರೆಗಳ ಹಿಂದೆ ನಿದ್ದೆ ಮಾಡಿತ್ತು."

ಚೌಡೇಶ್ವರಿ ತಲೆಯಾಡಿಸಿ ಬಲೆಯತ್ತ ಬಗ್ಗಿದಳು. ಅವಳು ಕೇಳಬೇಕಾದ್ದು ಅಷ್ಟೇ ಇತ್ತು. ಕಣ್ಣು ಮಂಜಾಗಿ ಹಾಲೇಶಪ್ಪ ಹೊಸ್ತಿಲು ಕಾಣದೆ ಎಡವಿದ. ಬಂಗಾರಮ್ಮ ಬೈಯಲಿಲ್ಲ, ಟೀ ಕುಡಿದು ಹೋಗಿ ಎಂದೂ ಹೇಳಲಿಲ್ಲ.

ಅಲ್ಲಿಂದ ಅವನು ಮನೆಗೆ ಬರಲಿಲ್ಲ. ನೇರವಾಗಿ ಸಾಸ್ವೆಹಳ್ಳಿಗೆ ಹೋದ. ಓಂಕಾರ್ ಮನೆಯ ಮುಂದೆ ಬಾಕ್ಸಿನ ಹರಿದ ಪರದೆಗೆ ಗೋಂದು ಹಚ್ಚುತ್ತಿದ್ದ. ಕುರ್ಚಿ ತರಲು ಎದ್ದವನನ್ನು ತಡೆದು ಹಾಲೇಶಪ್ಪ ನಿಂತೇ ಎಲ್ಲವನ್ನೂ ಹೇಳಿದ. ಹುಡುಗ ಕೇಳುತ್ತ ಕೈಗೆ ಅಂಟಿದ ಗೋಂದನ್ನು ಉಜ್ಜಿ ಉಜ್ಜಿ ತೆಗೆದ.

"ನೀವು ಆವತ್ತು ಅಲ್ಲೇ ಕುಂತಿದ್ರಲ್ಲ ಹಾಲೇಶಣ್ಣ" ಎಂದ.

"ಹೌದಪ್ಪ."

"ಇಡೀ ಊರಿಗೆ ಕೂಗಿ ಹೇಳ್ತೀರಿ. ಆವತ್ತು ಒಂದು ಮಾತು ಬರಲಿಲ್ಲ ಅಲ್ವಾ?" ಅವನು ಗೋಂದಿನ ಡಬ್ಬಿಯ ಮುಚ್ಚಳ ಹಾಕಿದ. "ಆ ಹುಡುಗಿಯ ಅಪ್ಪ ನನ್ನ ತಾಯಿ ಹೆಸರು ಎತ್ತಿ ಬೈದ. ನಾನು, ನನ್ನ ತಪ್ಪಿಗೆ ಇಷ್ಟಾದ್ರೂ ಅನುಭವಿಸಬೇಕು ಅಂತ ಸುಮ್ಮನೆ ನಿಂತಿದ್ದೆ."

"ತಪ್ಪಾತು ಓಂಕಾರ."

"ನಂಗೊಬ್ಬನಿಗೆ ಹೇಳಿದ್ರೆ ಆಗಲ್ಲ. ಗ್ರೂಪಿನಾಗ ಹಾಕ್ರಿ. ಚನ್ನಗಿರಿಯಾಗ ನನ್ನ ಮುಖ ನೋಡಿದೋರೆಲ್ಲ ಕೇಳಲಿ."

ಹಾಲೇಶಪ್ಪ ಅಲ್ಲೇ ಬೀದಿಯಲ್ಲಿ ನಿಂತು ಫೋನ್ ಬಾಯಿಯ ಹತ್ತಿರ ಹಿಡಿದ. ಎಷ್ಟೋ ಲಗ್ನಗಳಲ್ಲಿ ತಡವರಿಸದ ನಾಲಗೆ ಅಂದು ತಡವರಿಸಿತು. ಎರಡು ಸಲ ಅಳಿಸಿ, ಮೂರನೇ ಸಲ ಹೇಗೋ ಮುಗಿಸಿ ಕಳಿಸಿದ. ಓಂಕಾರ್ ತನ್ನ ಫೋನಿನಲ್ಲಿ ಅದನ್ನು ಪೂರ್ತಿ ಕೇಳಿದ. ಕೇಳಿ ಫೋನ್ ಜೇಬಿಗಿಟ್ಟು ಗೋಂದಿನ ಡಬ್ಬಿ ಎತ್ತಿಕೊಂಡು ಒಳಗೆ ಹೋದ.

ಗುರುಬಸವರಾಜ್ ಫೋನ್ ಮಾಡಿ ಬೇಕಾದಷ್ಟು ಅಂದ. ಮನೆಯಲ್ಲಿ ಪ್ರೇಮಮ್ಮ, "ನಾನು ದಿನಾ ಬಂದು ಅವಳ ಸುದ್ದಿ ಹೇಳ್ತಿದ್ದೆ. ಹೆಂಗೆ ಕೇಳಿಸ್ಕಂಡು ಕುಂತಿದ್ರಿ?" ಎಂದು ಒಂದೇ ಸಲ ಕೇಳಿದಳು. ಮತ್ತೆ ಆ ಮಾತು ಎತ್ತಲಿಲ್ಲ, ಶಾಲೆಯ ಬೇರೆ ಸುದ್ದಿಯನ್ನೂ ಬಹಳ ದಿನ ಹೇಳಲಿಲ್ಲ. ಹಾಲೇಶಪ್ಪ ತಾನೇ ಶಾಲೆಗೆ ಹೋಗಿ ಹೇಮಾವತಿ ಟೀಚರ್ ಮುಂದೆ ನಿಂತ. ಟೀಚರ್ ಅಂದೇ ಆರನೇ ಕ್ಲಾಸಿನಿಂದ ಏಳಕ್ಕೆ ಬಂದ ಆ ಮಕ್ಕಳಿಗೆಲ್ಲ ನಡೆದದ್ದನ್ನು ತಿಳಿಸಿ ಹೇಳಿದರು. ಕೆಲವರು ಹೆಸರಿಟ್ಟು ಕರೆಯುವುದನ್ನು ಬಿಟ್ಟರು. ಕೆಲವರು ಬಿಡಲಿಲ್ಲ. ಒಮ್ಮೆ ಬಾಯಿಗೆ ಹತ್ತಿದ ಹೆಸರನ್ನು ಯಾವ ಗ್ರೂಪಿನ ಕಟ್ಟುಪಾಡೂ ಕೀಳಲಾರದು.

ಶ್ರಾವಣದ ಲಗ್ನಗಳು ಶುರುವಾದವು. ಬಸವಾಪಟ್ಟಣಕ್ಕೆ ಬಂದ ಯಾವ ಸೆಟ್ಟಿನವರೂ ಶಾಲೆಯ ನಂಬರು ಮುಟ್ಟಲಿಲ್ಲ. ಚೌಡೇಶ್ವರಿ ಮಿಷನ್ ಹಾಕಿಕೊಳ್ಳಲು ಒಪ್ಪಿದ್ದು ದಸರಾ ರಜೆಯ ಮೇಲೆ, ಅದೂ ಹೇಮಾವತಿ ಟೀಚರ್ ಪಾಠಕ್ಕೆ ಮಾತ್ರ. ಪಾಠದ ನಡುವೆ ಆಗಾಗ ಕೈ ಎತ್ತಿ, "ಈಗ ನೀವೇ ಹೇಳಿದ್ದಾ ಟೀಚರ್?" ಎಂದು ಕೇಳಿ ಖಾತ್ರಿ ಮಾಡಿಕೊಳ್ಳುತ್ತಾಳಂತೆ. ಇದನ್ನು ಪ್ರೇಮಮ್ಮ ಒಂದು ದಿನ ತಾನಾಗಿಯೇ ಹೇಳಿದಳು. ಹೇಳಿ ಅವನ ಮುಖ ನೋಡಲಿಲ್ಲ, ಒಲೆ ನೋಡುತ್ತಿದ್ದಳು.

ಮೊನ್ನೆ ಚನ್ನಗಿರಿಯಲ್ಲಿ ಎರಡು ಸೆಟ್ಟಿನವರಿಗೆ ಜಗಳವಾಗಿ, ನೀವು ಹಿರಿಯರು, ಬಂದು ಬಗೆಹರಿಸಿ ಎಂದು ಹಾಲೇಶಪ್ಪನಿಗೆ ಫೋನ್ ಬಂತು. "ನನ್ನನ್ನ ಕರೀಬ್ಯಾಡ್ರಿ, ಸಾಸ್ವೆಹಳ್ಳಿ ಓಂಕಾರನ್ನ ಕರೀರಿ" ಎಂದ. ಓಂಕಾರ್ ಹೋದ, ಇಬ್ಬರನ್ನೂ ಕೂರಿಸಿ ಬಗೆಹರಿಸಿದ. ಬರುವಾಗ ಅವನ ಗಾಡಿ ಬಸವಾಪಟ್ಟಣದ ಬಸ್ ಸ್ಟ್ಯಾಂಡಿನ ಮುಂದೆಯೇ ಹಾದುಹೋಯಿತು. ಅಂಗಡಿಯ ಬಾಗಿಲಲ್ಲಿ ನಿಂತಿದ್ದ ಹಾಲೇಶಪ್ಪ ಕೈ ಎತ್ತಿದ. ಗಾಡಿ ನಿಲ್ಲಲಿಲ್ಲ. ಅವನು ಎತ್ತಿದ ಕೈಯನ್ನು ಇಳಿಸಿ, ಒಳಗೆ ಹೋಗಿ, ಸಂಜೆಯ ನಾಮಕರಣಕ್ಕೆ ವೈರು ಸುತ್ತತೊಡಗಿದ.